ಕಿರುಗೆರೆಯೂ ಕ್ರಿಯಾಪದವೂ

ಇಂಗ್ಲಿಷ್ ಕಲಿಯಲು ತೊಡಗುವ ಕನ್ನಡದ ವಿದ್ಯಾರ್ಥಿಗಳಿಗೆ ದೊಡ್ಡ ಪದಗಳೇ ಕಷ್ಟವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವವಾಗಿ ದೊಡ್ಡ ಪದಗಳು ಅಷ್ಟೇನೂ ತೊಂದರೆ ಕೊಡುವುದಿಲ್ಲ. 'ಫೋಟೋಸಿಂಥೆಸಿಸ್' ಎಂದರೆ ದ್ಯುತಿಸಂಶ್ಲೇಷಣೆ. ಒಮ್ಮೆ ಕಲಿತರೆ ಕೆಲಸ ಮುಗಿಯಿತು. ತೊಂದರೆ ಕೊಡುವುವು ಚಿಕ್ಕ ಪದಗಳು. 'ರನ್', 'ಸೆಟ್', 'ಟೇಕ್', 'ಗೆಟ್' ಮೊದಲಾದ ಕ್ರಿಯಾಪದಗಳು ಒಂದೊಂದು ವಾಕ್ಯದಲ್ಲಿ ಒಂದೊಂದು ವೇಷ ತೊಟ್ಟು ಬರುತ್ತವೆ. ಅವುಗಳಿಗಿಂತಲೂ ಚಿಕ್ಕದು, ಅಕ್ಷರವೇ ಅಲ್ಲದ ಇನ್ನೊಂದು ವಸ್ತುವಿದೆ. ಅದು ಎರಡು ಪದಗಳ ನಡುವೆ ಎಳೆಯುವ ಹೈಫನ್ ಎಂಬ ಕಿರುಗೆರೆ. ಒಂದು ಪುಸ್ತಕದಲ್ಲಿ ಅದು ಇರುತ್ತದೆ, ಮತ್ತೊಂದರಲ್ಲಿ ಇರುವುದಿಲ್ಲ. ಯಾವುದು ಸರಿ, ಏಕೆ ಸರಿ ಎಂದು ಕೇಳಿದರೆ ಬಹುಮಟ್ಟಿಗೆ ಉತ್ತರ ದೊರೆಯುವುದಿಲ್ಲ.

ಈ ಎರಡು ತೊಡಕುಗಳಿಗೂ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪರಿಹಾರ ಒಂದೇ. ಅದು ನೋಟುಬುಕ್ಕಿನ ಹಾಳೆಯನ್ನು ನಡುವೆ ಗೀಟೆಳೆದು ಎರಡು ಭಾಗ ಮಾಡುವುದು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದ ಅರ್ಥ. ರಾತ್ರಿ ಬಾಯಿಪಾಠ, ಬೆಳಿಗ್ಗೆ ಒಪ್ಪಿಸುವಿಕೆ. ಈ ಪದ್ಧತಿಯಿಂದ ಪದಗಳ ಸಂಖ್ಯೆ ಬೆಳೆಯುತ್ತದೆಂಬುದು ನಿಜ. ಆದರೆ ಪದದ ಅರ್ಥವು ತೆಂಗಿನಕಾಯಿಯೊಳಗಿನ ನೀರಿನಂತೆ ಪದದೊಳಗೇ ಮುಚ್ಚಿಕೊಂಡಿದೆ ಎಂಬ ತಪ್ಪು ನಂಬಿಕೆಯೂ ಅದರ ಜೊತೆಗೇ ಬೆಳೆಯುತ್ತದೆ. ಪದವೊಂದು ಯಾವ ಪದಗಳ ಜೊತೆಯಲ್ಲಿ ಕುಳಿತಿದೆ ಎಂಬುದನ್ನು ನೋಡದೆ ಅದರ ಅರ್ಥವನ್ನು ಹೇಳಲಾಗದು ಎಂಬುದು ನನ್ನ ಅಭಿಪ್ರಾಯ. ಇದನ್ನು ನಿರೂಪಿಸಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ನಮ್ಮ ಮನೆಯ ಮಾತೇ ಸಾಕು.

'ಹಿಡಿ' ಎಂಬ ಧಾತುವನ್ನು ತೆಗೆದುಕೊಳ್ಳೋಣ. ಕಳ್ಳನನ್ನು ಹಿಡಿಯುತ್ತಾರೆ, ಮೀನು ಹಿಡಿಯುತ್ತಾರೆ. ಇದು ಕೈಯ ಕೆಲಸ. ಆದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವಾಗ ಅಲ್ಲಿ ಯಾರ ಕೈಯೂ ಇಲ್ಲ. ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ಕೊಡ ಇಷ್ಟು ನೀರು ಹಿಡಿಯುತ್ತದೆ. ಊರು ಸೇರಲು ಎರಡು ಗಂಟೆ ಹಿಡಿಯುತ್ತದೆ. ಮಗು ಹಟ ಹಿಡಿಯುತ್ತದೆ. ಒಲೆಯ ಮೇಲಿನ ಅನ್ನ ತಳ ಹಿಡಿಯುತ್ತದೆ. ಕೈ ಹಿಡಿದವನು ಗಂಡನಾದರೆ ಕಾಲು ಹಿಡಿದವನು ಬೇಡುವವನು. ಒಂದು ಮುಷ್ಟಿ ಅಕ್ಕಿಯೂ ಹಿಡಿ, ಕುಡುಗೋಲಿನ ಕಾವೂ ಹಿಡಿ. ಇವುಗಳಲ್ಲಿ ಒಂದನ್ನಾದರೂ ಕನ್ನಡದ ಮಗು ಪಟ್ಟಿ ಮಾಡಿಕೊಂಡು ಉರುಹೊಡೆದುದುಂಟೆ? ಇಲ್ಲ. ತುಕ್ಕಿನ ಪಕ್ಕದಲ್ಲಿ ಆ ಪದವನ್ನು ಕೇಳಿತು, ಮಳೆಯ ಪಕ್ಕದಲ್ಲಿ ಕೇಳಿತು, ಹಟದ ಪಕ್ಕದಲ್ಲಂತೂ ದಿನವೂ ಕೇಳಿತು, ಹಾಗೆಯೇ ಕಲಿಯಿತು.

ಬೆಳೆದಮೇಲೆ ಕನ್ನಡ ಕಲಿಯುವವರಿಗೆ ಮಾತ್ರ ಇದು ಎಷ್ಟು ಕಠಿಣವೆಂಬುದು ಗೊತ್ತು. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲರು ದಶಕಗಳ ಕಾಲ ದುಡಿದು 1894ರಲ್ಲಿ ಮಂಗಳೂರಿನಲ್ಲಿ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ನಾವು ನಿದ್ದೆಗಣ್ಣಿನಲ್ಲಿಯೂ ಸರಿಯಾಗಿ ಆಡುವ ಇಂಥ ಧಾತುಗಳ ಅರ್ಥಗಳನ್ನು ಅವರು ಒಂದೊಂದಾಗಿ ಗುರುತು ಹಾಕಿಕೊಳ್ಳಬೇಕಾಯಿತು. ಕನ್ನಡದ ಮುಂದೆ ಅವರಿದ್ದ ಸ್ಥಾನದಲ್ಲಿಯೇ ನಮ್ಮ ವಿದ್ಯಾರ್ಥಿ ಇಂದು ಇಂಗ್ಲಿಷಿನ ಮುಂದೆ ಇದ್ದಾನೆ.

ಇಂಗ್ಲಿಷಿನ ಕ್ರಿಯಾಪದಗಳ ವಿಸ್ತಾರವೆಷ್ಟೆಂಬುದನ್ನು ಆ ಭಾಷೆಯ ಮಹಾನಿಘಂಟಿನ ಕಥೆಯೇ ತಿಳಿಸುತ್ತದೆ. ಜೇಮ್ಸ್ ಮರ‍್ರೆ ಎಂಬ ಪಂಡಿತರು 1879ರಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕತ್ವವನ್ನು ವಹಿಸಿಕೊಂಡಾಗ, ಸುಮಾರು ಹತ್ತು ವರ್ಷಗಳಲ್ಲಿ ಕೆಲಸ ಮುಗಿಯಬಹುದೆಂಬ ಅಂದಾಜಿತ್ತು. ಅದು ಮುಗಿದದ್ದು 1928ರಲ್ಲಿ. ಮರ‍್ರೆಯವರು 1915ರಲ್ಲಿಯೇ ತೀರಿಕೊಂಡಿದ್ದರು. ಅವರು ಪದಗಳ ಅರ್ಥವನ್ನು ತಾವಾಗಿ ಊಹಿಸಿ ಬರೆಯಲಿಲ್ಲ. ಸಾವಿರಾರು ಓದುಗರು ತಾವು ಓದಿದ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಮರ‍್ರೆಯವರು ತಗಡಿನ ಶೆಡ್ಡೊಂದರಲ್ಲಿ ಪಾರಿವಾಳದ ಗೂಡಿನಂಥ ಸಾವಿರಕ್ಕೂ ಮಿಕ್ಕ ಖಾನೆಗಳನ್ನು ಮಾಡಿಸಿ, ಆ ಚೀಟಿಗಳನ್ನು ಅವುಗಳಲ್ಲಿ ವಿಂಗಡಿಸಿ ಇಡುತ್ತಿದ್ದರು. ವಾಕ್ಯಗಳ ರಾಶಿ ಮೊದಲು, ಅರ್ಥ ಆಮೇಲೆ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಹೀಗೆಯೇ ಪ್ರಯೋಗಗಳನ್ನು ಆಧರಿಸಿ ರಚಿತವಾದದ್ದು.

ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಹೆಚ್ಚು ಜಾಗವನ್ನು ಆಕ್ರಮಿಸಿದ್ದ ಪದ 'ಸೆಟ್'. ಕ್ರಿಯಾಪದವಾಗಿ ಅದಕ್ಕೆ ಸುಮಾರು 430 ಅರ್ಥಗಳನ್ನು ಅಲ್ಲಿ ಕೊಟ್ಟಿದ್ದರು. ಮುಂದೆ ನಿಘಂಟನ್ನು ಪರಿಷ್ಕರಿಸುವಾಗ ಪೀಟರ್ ಗಿಲಿವರ್ ಎಂಬ ನಿಘಂಟುಕಾರರ ಪಾಲಿಗೆ 'ರನ್' ಬಂತು. ಆ ಒಂದು ಪದಕ್ಕಾಗಿ ಅವರು ಸುಮಾರು ಒಂಬತ್ತು ತಿಂಗಳು ದುಡಿದರು. 2011ರಲ್ಲಿ ಲೆಕ್ಕ ಹೊರಬಿದ್ದಾಗ 'ರನ್' ಎಂಬ ಕ್ರಿಯಾಪದದ ಅರ್ಥಗಳು 645 ಆಗಿದ್ದುವು. 'ಸೆಟ್' ಹಿಂದೆ ಬಿದ್ದಿತ್ತು.

ಈ ಪದ ಹೀಗೇಕೆ ಬೆಳೆಯಿತು? ಮೊದಲು ಓಡುತ್ತಿದ್ದುವು ಕಾಲುಳ್ಳ ಪ್ರಾಣಿಗಳು. ತರುವಾಯ ನೀರು ಓಡಿತು, ನೆತ್ತರು ಓಡಿತು. ಯಂತ್ರಯುಗ ಬಂದಮೇಲೆ ರೈಲು, ಗಿರಣಿ, ಗಡಿಯಾರ, ಮೋಟಾರು ಎಲ್ಲವೂ 'ರನ್' ಆಗತೊಡಗಿದುವು. ಯಂತ್ರಗಳನ್ನು ನಡೆಸುವವನು ಕಾರ್ಖಾನೆಯನ್ನು 'ರನ್' ಮಾಡಿದನು. ಅದನ್ನು ನೋಡಿ ಅಂಗಡಿಯವನೂ ಶಾಲೆಯವನೂ ಹಾಗೆಯೇ ಅಂದುಕೊಂಡರು. ಕೊನೆಗೆ ಕಂಪ್ಯೂಟರಿಗೆ ಕೊಡುವ ಆದೇಶಗಳೂ ಓಡಿದುವು. ಕನ್ನಡದ 'ಓಡು' ಈ ದಾರಿಯಲ್ಲಿ ಸ್ವಲ್ಪ ದೂರ ಜೊತೆಗೆ ಬರುತ್ತದೆ: ಗಡಿಯಾರ ಓಡುತ್ತದೆ, ಚಲನಚಿತ್ರ ನೂರು ದಿನ ಓಡುತ್ತದೆ, ಪರೀಕ್ಷೆಯ ಹೊತ್ತಿನಲ್ಲಿ ತಲೆ ಓಡುವುದಿಲ್ಲ. ಅಲ್ಲಿಂದಾಚೆಗೆ ದಾರಿಗಳು ಬೇರೆಯಾಗುತ್ತವೆ. ಇಂಗ್ಲಿಷಿನಲ್ಲಿ ನದಿ 'ರನ್' ಆಗುತ್ತದೆ, ನಮ್ಮಲ್ಲಿ ಹರಿಯುತ್ತದೆ. ನೆಗಡಿಯಾದವನ ಮೂಗು ಅಲ್ಲಿ ಓಡುತ್ತದೆ, ಇಲ್ಲಿ ಸೋರುತ್ತದೆ. ಚುನಾವಣೆಯ ವಿಷಯದಲ್ಲಂತೂ ಇಂಗ್ಲಿಷಿನವರಲ್ಲಿಯೇ ಒಮ್ಮತವಿಲ್ಲ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ 'ಓಡುತ್ತಾನೆ', ಬ್ರಿಟನ್ನಿನವನು 'ನಿಲ್ಲುತ್ತಾನೆ'. ಕನ್ನಡಿಗನೂ ನಿಲ್ಲುತ್ತಾನೆ. ಇನ್ನು ಕ್ರಿಕೆಟ್ ಆಟದಲ್ಲಿ ಚೆಂಡು ಗಡಿಯನ್ನು ದಾಟಿದಾಗ ದಾಂಡಿಗನು ಒಂದು ಹೆಜ್ಜೆಯನ್ನೂ ಇಡದಿದ್ದರೂ ಅವನ ಲೆಕ್ಕಕ್ಕೆ ನಾಲ್ಕು 'ರನ್' ಸೇರುತ್ತದೆ! ಅದನ್ನು ಯಾರೂ ಆಕ್ಷೇಪಿಸಿದಂತೆ ಕಾಣುವುದಿಲ್ಲ.

ಎರಡು ಅಂಕಣದ ನೋಟುಬುಕ್ಕಿನಲ್ಲಿ 'ರನ್' ಎದುರಿಗೆ 'ಓಡು' ಎಂದು ಬರೆದುಕೊಂಡ ಹುಡುಗನೊಬ್ಬ 'ಅವನ ತಂದೆ ಅಂಗಡಿಯನ್ನು ಓಡುತ್ತಾನೆ' ಎಂದು ಅನುವಾದಿಸಿದರೆ ತರಗತಿ ನಗುತ್ತದೆ. ಆದರೆ ಅವನು ಮಾಡಿದ ತಪ್ಪಾದರೂ ಏನು? ಕಲಿಸಿದ್ದನ್ನು ಕಲಿಸಿದಂತೆಯೇ ಪ್ರಯೋಗಿಸಿದನು. ಮನೆಯಲ್ಲಿ ಇಂಗ್ಲಿಷ್ ಕೇಳದ, ಹಳ್ಳಿಯ ಶಾಲೆಯಲ್ಲಿ ಓದುವ ಹುಡುಗನಿಗೆ ಇಂಥ ನಗೆಯ ಪೆಟ್ಟು ಎರಡು ಸಲ ಬಿದ್ದರೆ ಸಾಕು, ಮೂರನೆಯ ಸಲ ಅವನು ಕೈಯೆತ್ತುವುದಿಲ್ಲ. ತನಗೆ ಬುದ್ಧಿ ಸಾಲದೆಂದು ತಿಳಿಯುತ್ತಾನೆ. ಸಾಲದಿದ್ದದ್ದು ನೋಟುಬುಕ್ಕು. ಅದರ ಬದಲು 'ಅಂಗಡಿಯನ್ನು', 'ನದಿಯು', 'ಚುನಾವಣೆಗೆ' ಎಂಬ ನೆರೆಯ ಪದಗಳ ಸಮೇತ ನಾಲ್ಕಾರು ಇಂಗ್ಲಿಷ್ ವಾಕ್ಯಗಳನ್ನು ಬರೆದುಕೊಂಡಿದ್ದರೆ ಈ ನಗೆಗೆ ಎಡೆಯೇ ಇರುತ್ತಿರಲಿಲ್ಲ.

ಪದದ ಅರ್ಥ ಅದರ ನೆರೆಯಿಂದ ತಿಳಿಯುವುದಾದರೆ, ಯಾವ ಪದಕ್ಕೆ ಯಾವುದು ನೆರೆ ಎಂಬುದನ್ನು ಬರಹದಲ್ಲಿ ತೋರಿಸುವುದೇ ಕಿರುಗೆರೆಯ ಕೆಲಸ. 'ಹೈಫನ್' ಎಂಬುದು ಗ್ರೀಕ್ ಮೂಲದ ಮಾತು. 'ಒಂದರ ಅಡಿಯಲ್ಲಿ', ಎಂದರೆ 'ಒಟ್ಟಾಗಿ', ಎಂದು ಅದರ ಅರ್ಥ. ಪ್ರಾಚೀನ ಗ್ರೀಕರು ಒಟ್ಟಾಗಿ ಓದಬೇಕಾದ ಪದಗಳ ಕೆಳಗೆ ಬಿಲ್ಲಿನಾಕಾರದ ಗೆರೆಯನ್ನು ಎಳೆಯುತ್ತಿದ್ದರು.

ಬೆಂಗಳೂರಿನಲ್ಲಿ ನೆಲಸಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರು 'ನೈನ್ ಮ್ಯಾನ್-ಈಟರ್ಸ್ ಅಂಡ್ ಒನ್ ರೋಗ್'. ಅಲ್ಲಿಯ 'ಮ್ಯಾನ್-ಈಟರ್' ಎಂಬುದು ನರಭಕ್ಷಕ ಪ್ರಾಣಿ. ಇದೇ ಬಗೆಯಲ್ಲಿ 'ಮ್ಯಾನ್-ಈಟಿಂಗ್ ಟೈಗರ್' ಎಂದು ಬರೆದರೆ ಮನುಷ್ಯನನ್ನು ತಿನ್ನುವ ಹುಲಿ ಎಂದಾಗುತ್ತದೆ. ಗೆರೆಯನ್ನು ಅಳಿಸಿ 'ಮ್ಯಾನ್ ಈಟಿಂಗ್ ಟೈಗರ್' ಎಂದು ಬರೆಯಿರಿ. ಹುಲಿಯನ್ನು ತಿನ್ನುತ್ತಿರುವ ಮನುಷ್ಯ ಕಣ್ಣೆದುರು ಬಂದು ನಿಲ್ಲುತ್ತಾನೆ. 'ಟೆನ್-ಇಯರ್-ಓಲ್ಡ್ ಬಾಯ್ಸ್' ಎಂದರೆ ಹತ್ತು ವರ್ಷದ ಹುಡುಗರು. ಮೊದಲ ಗೆರೆಯನ್ನು ಬಿಟ್ಟು 'ಟೆನ್ ಇಯರ್-ಓಲ್ಡ್ ಬಾಯ್ಸ್' ಎಂದರೆ ಒಂದೊಂದು ವರ್ಷದ ಹತ್ತು ಮಕ್ಕಳು. 'ರಿಸೈನ್' ಎಂದರೆ ರಾಜೀನಾಮೆ ಕೊಡುವುದು. 'ರಿ-ಸೈನ್' ಎಂದರೆ ಮತ್ತೆ ಸಹಿ ಹಾಕಿ ಮುಂದುವರಿಯುವುದು. ಆಟಗಾರನೊಬ್ಬ ತಂಡವನ್ನು ಬಿಟ್ಟನೋ ತಂಡದಲ್ಲಿಯೇ ಉಳಿದನೋ ಎಂಬುದನ್ನು ಪತ್ರಿಕೆಯಲ್ಲಿ ಒಂದು ಗೆರೆ ನಿರ್ಣಯಿಸಬಲ್ಲುದು.

ಕನ್ನಡಕ್ಕೆ ಈ ಗೆರೆಯ ಅಗತ್ಯ ಇಷ್ಟೊಂದು ಬೀಳಲಿಲ್ಲ. ಏಕೆಂದರೆ ನಮ್ಮಲ್ಲಿ ಕೂಡುವಿಕೆಯನ್ನು ಅನೇಕವೇಳೆ ಅಕ್ಷರಗಳೇ ಸಾರುತ್ತವೆ. ಮಳೆ ಮತ್ತು ಕಾಲ ಸೇರಿದಾಗ 'ಮಳೆಗಾಲ'ವಾಗುತ್ತದೆ. ಬೆಟ್ಟ ಮತ್ತು ತಾವರೆ ಸೇರಿದಾಗ 'ಬೆಟ್ಟದಾವರೆ'. ಕಕಾರವು ಗಕಾರವಾಗಿ, ತಕಾರವು ದಕಾರವಾಗಿ, 'ನಾವು ಈಗ ಎರಡಲ್ಲ, ಒಂದು' ಎಂದು ಹೇಳುತ್ತವೆ. ಆದೇಶಸಂಧಿಯೆಂದು ನೀವು ವ್ಯಾಕರಣದಲ್ಲಿ ಓದಿರುವುದು ಇದನ್ನೇ. ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಸಂಧಿಗೂ ಸಮಾಸಕ್ಕೂ ಪ್ರತ್ಯೇಕ ಪ್ರಕರಣಗಳನ್ನು ಮೀಸಲಿಟ್ಟನು. ಅಕ್ಷರ ಬದಲಾಗದ ಕಡೆಗಳಲ್ಲಿ ನಮಗೂ ಎಚ್ಚರ ಬೇಕು. ಕಷ್ಟದಲ್ಲಿ ಗೆಳೆಯನಿಗೆ 'ಕೈ ಕೊಟ್ಟವನು' ಆಸರೆಯಾದವನು. 'ಕೈಕೊಟ್ಟವನು' ಮೋಸ ಮಾಡಿದವನು. ನಡುವೆ ಇರುವುದು ಒಂದಿಷ್ಟು ಬಿಳಿಯ ಜಾಗ ಮಾತ್ರ.

ಹಾಗಾದರೆ ಕಿರುಗೆರೆ ಎಲ್ಲೆಲ್ಲಿ ಬರುತ್ತದೆಂಬುದನ್ನು ಒಂದು ಪಟ್ಟಿಯಾಗಿ ಕಲಿತುಬಿಡಬಹುದಲ್ಲ ಎಂದು ಕೇಳಬಹುದು. ಪಟ್ಟಿಯೇ ನಿಲ್ಲುವುದಿಲ್ಲ, ಅದೇ ತೊಡಕು. ಇಪ್ಪತ್ತನೆಯ ಶತಮಾನದ ಆರಂಭದ ಇಂಗ್ಲಿಷ್ ಪುಸ್ತಕಗಳಲ್ಲಿ ಇಂದು, ನಾಳೆ ಎಂಬ ಅರ್ಥದ ಪದಗಳು 'ಟು-ಡೇ', 'ಟು-ಮಾರೋ' ಎಂದು ಗೆರೆಯೊಡನೆ ಅಚ್ಚಾಗುತ್ತಿದ್ದುವು; ಈಗ ಹಾಗೆ ಬರೆಯುವವರಿಲ್ಲ. 2007ರಲ್ಲಿ 'ಶಾರ್ಟರ್ ಆಕ್ಸ್‌ಫರ್ಡ್' ನಿಘಂಟಿನ ಆರನೆಯ ಆವೃತ್ತಿ ಹೊರಬಂದಾಗ ಸುಮಾರು 16,000 ಪದಗಳ ಕಿರುಗೆರೆಗಳನ್ನು ಒಮ್ಮೆಲೇ ಕಿತ್ತುಹಾಕಿದ್ದರು. 'ಐಸ್-ಕ್ರೀಮ್' ಎಂಬುದು ಎರಡು ಬಿಡಿ ಪದಗಳಾಯಿತು. ದುಂಬಿಯ ಹೆಸರಾದ 'ಬಂಬಲ್-ಬೀ' ಒಂದೇ ಪದವಾಯಿತು. ಮರ‍್ರೆಯವರು ಚೀಟಿಗಳನ್ನಿಡಲು ಮಾಡಿಸಿದ ಖಾನೆಗಳ ಹೆಸರು 'ಪಿಜನ್-ಹೋಲ್' ಎಂದಷ್ಟೆ? ಅದರ ಗೆರೆಯೂ ಹೋಯಿತು. 2011ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಎಂಬ ವಾರ್ತಾಸಂಸ್ಥೆ 'ಇ-ಮೇಲ್' ಪದದ ಗೆರೆಯನ್ನು ತೆಗೆಯಿತು. ಹೊಸದಾಗಿ ಜೊತೆಗೂಡಿದ ಪದಗಳು ಮೊದಲು ಬೇರೆಬೇರೆಯಾಗಿ ನಿಂತು, ಸ್ವಲ್ಪಕಾಲ ಗೆರೆಯ ಕೈಹಿಡಿದು ನಡೆದು, ಬಳಕೆ ಬಲಿತಮೇಲೆ ಒಂದಾಗುವುದು ಇಂಗ್ಲಿಷಿನಲ್ಲಿ ಸಾಮಾನ್ಯ. ಎಲ್ಲ ಪದಗಳೂ ಈ ದಾರಿಯನ್ನು ಪೂರ್ತಿ ನಡೆಯುವುದಿಲ್ಲವೆಂಬುದಕ್ಕೆ ಐಸ್ ಕ್ರೀಮೇ ಸಾಕ್ಷಿ.

ಆದ್ದರಿಂದ ಬಳಕೆಯಿಂದಷ್ಟೇ ಉಳಿದಿರುವ ಗೆರೆಗೂ ಅರ್ಥವನ್ನು ಹೊತ್ತಿರುವ ಗೆರೆಗೂ ಭೇದವೆಣಿಸಬೇಕು. ಮೊದಲನೆಯದಕ್ಕೆ ನಿಘಂಟನ್ನು ನೋಡಿದರಾಯಿತು. ಇಂಗ್ಲಿಷರೂ ನೋಡುತ್ತಾರೆ, ಅದರಲ್ಲಿ ಅವಮಾನವೇನೂ ಇಲ್ಲ. ಎರಡನೆಯದನ್ನು ಮಾತ್ರ ತಿಳಿದೇ ಹಾಕಬೇಕು, ತಿಳಿದೇ ಬಿಡಬೇಕು. ಬಾಯಿಪಾಠಕ್ಕೆ ಜಾಗವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇಪ್ಪತ್ತೊಂದರಿಂದ ತೊಂಬತ್ತೊಂಬತ್ತರವರೆಗಿನ ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆಯುವಾಗ 'ಟ್ವೆಂಟಿ-ಒನ್' ಎಂದು ಗೆರೆ ಹಾಕಬೇಕೆಂಬ ನಿಯಮ ಗಟ್ಟಿಯಾದದ್ದು; ಅದನ್ನು ಕಂಠಸ್ಥ ಮಾಡಿಕೊಳ್ಳಬೇಕು. 'ರನ್' ಎಂಬುದರ ಭೂತಕಾಲದ ರೂಪ 'ರ‍್ಯಾನ್' ಎಂಬುದನ್ನೂ ಬಾಯಿಪಾಠವಿಲ್ಲದೆ ಕಲಿಯಲಾಗದು.

ಕ್ರಿಯಾಪದವೂ ಕಿರುಗೆರೆಯೂ ಒಂದೇ ಕಡೆ ಸೇರುವ ಸಂದರ್ಭಗಳೂ ಉಂಟು. ವಿಮಾನವು ನೆಲ ಬಿಟ್ಟು ಮೇಲೇರುವುದನ್ನು ಇಂಗ್ಲಿಷಿನಲ್ಲಿ 'ಟೇಕ್ ಆಫ್' ಎನ್ನುತ್ತಾರೆ. ಅದು ಕ್ರಿಯೆ, ಪದಗಳು ಬಿಡಿಬಿಡಿಯಾಗಿವೆ. ಆ ಏರುವಿಕೆಯನ್ನೇ ಒಂದು ಘಟನೆಯಾಗಿ ಹೆಸರಿಸಿದರೆ 'ಟೇಕ್-ಆಫ್' ಎಂದು ಗೆರೆ ಬೀಳುತ್ತದೆ. ಚೆಂಡೆಸೆಯುವವನು ಓಡಿ ಬರುವುದು 'ರನ್ ಅಪ್'. ಅವನು ಓಡಿ ಬರುವ ಆ ಓಟ 'ರನ್-ಅಪ್'. ಕ್ರಿಯಾಪದವು ನಾಮಪದವಾಗುವ ಹೊಸ್ತಿಲಲ್ಲಿ ಈ ಗೆರೆ ನಿಂತಿರುತ್ತದೆ. ಕನ್ನಡದಲ್ಲಿ ಇದೇ ಕೆಲಸವನ್ನು ಪ್ರತ್ಯಯ ಮಾಡುತ್ತದೆ: ಓಡು ಓಟವಾಗುತ್ತದೆ, ನೋಡು ನೋಟವಾಗುತ್ತದೆ, ಕೂಡು ಕೂಟವಾಗುತ್ತದೆ, ಕಾಡು ಕಾಟವಾಗುತ್ತದೆ. ನಮ್ಮ ಕೃದಂತ ನಾಮಗಳನ್ನು ಬಲ್ಲ ವಿದ್ಯಾರ್ಥಿಗೆ 'ಟೇಕ್-ಆಫ್' ಹೊಸ ವಿಚಾರವೇನೂ ಅಲ್ಲ. ಹೊಸದು ಅದನ್ನು ಬರೆಯುವ ರೀತಿ ಮಾತ್ರ.

ಕಿರುಗೆರೆಗೆ ಮುದ್ರಣದಲ್ಲಿ ಇನ್ನೊಂದು ಉದ್ಯೋಗವಿದೆ. ಸಾಲಿನ ತುದಿಯಲ್ಲಿ ಪದ ಹಿಡಿಸದಿದ್ದಾಗ ಅದನ್ನು ಮುರಿದು, ಗೆರೆ ಎಳೆದು, ಉಳಿದ ಭಾಗವನ್ನು ಕೆಳಗಿನ ಸಾಲಿಗೆ ಇಳಿಸುತ್ತಾರೆ. ಸುಮಾರು 1455ರಲ್ಲಿ ಗುಟೆನ್‌ಬರ್ಗ್ ಮುದ್ರಿಸಿದ ಬೈಬಲ್ಲಿನಲ್ಲಿಯೇ ಸಾಲುಗಳ ಕೊನೆಯಲ್ಲಿ ಇಂಥ ಜೋಡಿಗೆರೆಗಳನ್ನು ಕಾಣಬಹುದು. ಕನ್ನಡದಲ್ಲಿ ಒತ್ತಕ್ಷರವನ್ನು ಸೀಳದೆ ಅಕ್ಷರ ಅಕ್ಷರಗಳ ನಡುವೆ ಮುರಿದರೆ ಉಚ್ಚಾರಣೆ ಕೆಡುವುದಿಲ್ಲ; ಅಚ್ಚುಮೊಳೆ ಜೋಡಿಸುವವರಿಗೆ ಅದು ದೊಡ್ಡ ಅನುಕೂಲವಾಗಿತ್ತು. ಇಂಗ್ಲಿಷಿನಲ್ಲಿ ಹಾಗಲ್ಲ. ಜ್ಞಾನ ಎಂಬ ಅರ್ಥದ ಪದವನ್ನು ಬ್ರಿಟಿಷ್ ಸಂಪ್ರದಾಯದವರು ಧಾತುವನ್ನು ಅನುಸರಿಸಿ 'ನೋ-ಲೆಜ್' ಎಂದು ಮುರಿದರೆ, ಅಮೆರಿಕದವರು ಉಚ್ಚಾರಣೆಯನ್ನು ಅನುಸರಿಸಿ 'ನಾಲ್-ಎಜ್' ಎಂದು ಮುರಿಯುತ್ತಾರೆ. ಜ್ಞಾನವನ್ನು ಎಲ್ಲಿ ಮುರಿಯಬೇಕೆಂಬುದರಲ್ಲಿಯೇ ಭಿನ್ನಾಭಿಪ್ರಾಯ!

ಈ ಕೆಲಸವನ್ನು ಯಂತ್ರಕ್ಕೆ ವಹಿಸುವ ಪ್ರಯತ್ನವೂ ನಡೆಯಿತು. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಕ್ನೂತ್ ಅವರ ಮಾರ್ಗದರ್ಶನದಲ್ಲಿ ಫ್ರಾಂಕ್ಲಿನ್ ಲಿಯಾಂಗ್ ಎಂಬವರು ಇದನ್ನೇ ವಿಷಯವನ್ನಾಗಿ ಮಾಡಿಕೊಂಡು 1983ರಲ್ಲಿ ಪ್ರಬಂಧವನ್ನು ಸಲ್ಲಿಸಿದರು. ನಿಘಂಟಿನ ಪದಗಳಿಂದ 4,447 ಅಕ್ಷರವಿನ್ಯಾಸಗಳನ್ನು ಆಯ್ದು, ಮುರಿಯಬಹುದಾದ ಎಡೆಗಳಲ್ಲಿ ನೂರಕ್ಕೆ 89ರಷ್ಟನ್ನು ಕಂಪ್ಯೂಟರ್ ತಾನೇ ಕಂಡುಕೊಳ್ಳುವಂತೆ ಮಾಡಿದರು. ಕ್ನೂತ್ ಅವರ 'ಟೆಕ್' ಎಂಬ ಅಕ್ಷರಜೋಡಣೆಯ ವ್ಯವಸ್ಥೆಯಲ್ಲಿ ಈ ವಿಧಾನ ಇಂದಿಗೂ ಕೆಲಸ ಮಾಡುತ್ತಿದೆ. ಆ ವಿನ್ಯಾಸಗಳ ಜೊತೆಗೆ, ಅವುಗಳಿಗೆ ಒಳಪಡದ 14 ಪದಗಳ ಪುಟ್ಟ ಪಟ್ಟಿಯೊಂದಿದೆ. ಅದರಲ್ಲಿ 'ಪ್ರೆಸೆಂಟ್', 'ಪ್ರಾಜೆಕ್ಟ್' ಎಂಬ ಪದಗಳೂ ಅವುಗಳ ಕೊನೆಗೆ ಸಕಾರ ಸೇರಿದ ರೂಪಗಳೂ ಇವೆ. ಈ ನಾಲ್ಕನ್ನು ಎಲ್ಲಿಯೂ ಮುರಿಯಕೂಡದೆಂದು ಯಂತ್ರಕ್ಕೆ ಕಟ್ಟಪ್ಪಣೆ. ಕಾಣಿಕೆ ಎಂಬ ಅರ್ಥದ ನಾಮಪದವಾದರೆ 'ಪ್ರೆಸ್-ಎಂಟ್' ಎಂದು ಮುರಿಯಬೇಕು. ಅರ್ಪಿಸು ಎಂಬ ಅರ್ಥದ ಕ್ರಿಯಾಪದವಾದರೆ 'ಪ್ರಿ-ಸೆಂಟ್' ಎಂದು ಮುರಿಯಬೇಕು. ಎರಡಕ್ಕೂ ಕಾಗುಣಿತ ಒಂದೇ. ಯಾವುದು ಯಾವುದೆಂದು ತಿಳಿಯಲು ಇಡೀ ವಾಕ್ಯವನ್ನು ಓದಬೇಕಾಗಿತ್ತು. ಆ ಯಂತ್ರ ಓದುತ್ತಿದ್ದದ್ದು ಬಿಡಿ ಪದಗಳನ್ನು.